ಹಾರಾಟದ ಹುಚ್ಚು ಹಿಡಿದ ಮಗುವಿಗೆ ಜೊತೆಯಾಗುವ ಬಗೆ

ಆರೇಳು ವರ್ಷದ ಮಗುವಿಗೆ ವಿಮಾನ, ರಾಕೆಟ್‌ಗಳ ಹುಚ್ಚು ಹಿಡಿದಾಗ ಮನೆಯ ದೊಡ್ಡವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ: ಒಂದು ಆಟಿಕೆ ತಂದುಕೊಡುತ್ತಾರೆ, ಇಲ್ಲವೇ ಬಂದ ನೆಂಟರ ಮುಂದೆ ‘ಇವಳು ಇಸ್ರೋ ಸೇರುತ್ತಾಳಂತೆ’ ಎಂದು ಹೇಳಿಕೊಳ್ಳುತ್ತಾರೆ. ಎರಡನೆಯದನ್ನು ದಯವಿಟ್ಟು ಕೈಬಿಡಿ. ಅಲ್ಲಿಯವರೆಗೆ ಆಟವಾಗಿದ್ದದ್ದು ಆ ದಿನದಿಂದ ಮಗುವಿನ ತಲೆಯ ಮೇಲಿನ ಹೊರೆಯಾಗುತ್ತದೆ. ಮೊದಲನೆಯದು ತಪ್ಪಲ್ಲ, ಆದರೆ ಆಟಿಕೆ ಎಂಥದ್ದು ಎಂಬುದನ್ನು ನೋಡಬೇಕು. 1878ರಲ್ಲಿ ಮಿಲ್ಟನ್ ರೈಟ್ ಎಂಬ ಅಮೆರಿಕದ ಪಾದ್ರಿ ತನ್ನ ಮಕ್ಕಳಿಗೆ ತಂದುಕೊಟ್ಟದ್ದು ಬಿದಿರು, ಬೆಂಡು, ಕಾಗದಗಳಿಂದ ಮಾಡಿದ, ರಬ್ಬರ್ ತಿರುಚಿ ಬಿಟ್ಟರೆ ಸೂರಿನವರೆಗೆ ಏರುವ ಪುಟ್ಟ ಹಾರುಗೊಂಬೆ. ಮುಂದೆ ವಿಮಾನ ಹಾರಿಸಿ ರೈಟ್ ಸಹೋದರರೆಂದು ಹೆಸರಾದ ಇಬ್ಬರಲ್ಲಿ ವಿಲ್ಬರ್‌ಗೆ ಆಗ 11 ವರ್ಷ, ಆರ್ವಿಲ್‌ಗೆ 7. ಅದು ಮುರಿದ ಮೇಲೆ ಇಬ್ಬರೂ ಅಂಥದ್ದನ್ನು ತಾವೇ ಮಾಡಿಕೊಂಡರು. ಆದ್ದರಿಂದ ಬೆಲೆಯ ಡ್ರೋನಿಗಿಂತ, ಮುರಿದರೆ ಮನೆಯಲ್ಲೇ ಮತ್ತೆ ಮಾಡಿಕೊಳ್ಳಲು ಬರುವಂಥದ್ದನ್ನು ಆರಿಸಿ.

ಮಗು ರಾಕೆಟ್ ಕೇಳಿದರೂ ಆರಂಭ ಕಾಗದದ ವಿಮಾನದಿಂದಲೇ ಆಗಲಿ. ಮೊದಮೊದಲ ಹಾರಾಟದ ಕಷ್ಟಗಳೆಲ್ಲ ಕೈಗೆ ಸಿಗುವಂಥವು, ರಾಕೆಟ್ಟಿನವು ಹಾಗಲ್ಲ. ಫ್ಯಾನ್ ಆರಿಸಿ (ಇದನ್ನು ಮರೆತು ನಾವು ಒಂದು ಇಡೀ ಸಂಜೆಯನ್ನು ಹಾಳು ಮಾಡಿಕೊಂಡಿದ್ದೇವೆ), ಒಂದೇ ವಿಮಾನವನ್ನು ಒಂದೇ ಜಾಗದಿಂದ ಮೂರು ಸಲ ಎಸೆಯಲು ಹೇಳಿ, ಎಷ್ಟು ಟೈಲ್ಸ್ ದಾಟಿತೆಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಆಮೇಲೆ ಮೂತಿಗೆ ಒಂದು ಜೆಮ್ ಕ್ಲಿಪ್ ಸಿಕ್ಕಿಸಿ ಮತ್ತೆ ಮೂರು ಸಲ. ಅನಂತರ ಕ್ಲಿಪ್ಪನ್ನು ಹಾಗೆಯೇ ಬಿಟ್ಟು, ಎರಡೂ ರೆಕ್ಕೆಗಳ ಹಿಂದಿನ ಅಂಚನ್ನು ತುಸು ಮೇಲಕ್ಕೆ ಬಾಗಿಸಿದರೆ ಮೂತಿ ಮೇಲೇಳುವುದನ್ನೂ, ಕೆಳಕ್ಕೆ ಬಾಗಿಸಿದರೆ ನೆಲಕ್ಕೆ ಕುಕ್ಕುವುದನ್ನೂ, ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ಬಾಗಿಸಿದರೆ ಮೇಲಕ್ಕೆ ಬಾಗಿಸಿದ ಕಡೆಗೇ ವಾಲಿ ತಿರುಗುವುದನ್ನೂ ಮಗು ತಾನೇ ಕಂಡುಕೊಳ್ಳುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮವೊಂದನ್ನು ಮಾತ್ರ ನೀವು ಹಿಡಿದುಕೊಳ್ಳಿ. ಉಳಿದದ್ದಕ್ಕೆ ಬಾಯಿ ಹಾಕಬೇಡಿ.

ಇಷ್ಟಾದ ಮೇಲೆ ಖಾಲಿ ಟೂತ್‌ಪೇಸ್ಟ್ ಡಬ್ಬಿಯೊಂದನ್ನು ತೆಗೆದುಕೊಂಡು ಎರಡೂ ತುದಿಯ ಮುಚ್ಚಳಗಳನ್ನು ಕತ್ತರಿಸಿ. ಒಂದು ತುದಿಯಲ್ಲಿ ಎದುರುಬದುರಿನ ಎರಡು ಮೂಲೆಗಳನ್ನು ಹೆಬ್ಬೆರಳು, ತೋರುಬೆರಳುಗಳಿಂದ ಒತ್ತಿ, ಇನ್ನೊಂದು ತುದಿಯಲ್ಲಿ ಉಳಿದೆರಡು ಮೂಲೆಗಳನ್ನು ಒತ್ತಿದರೆ ಡಬ್ಬಿಯ ಮೇಲ್ಮೈ, ಕೆಳಮೈ ಎರಡೂ ಒಟ್ಟಿಗೆ ತಿರುಚಿಕೊಳ್ಳುತ್ತವೆ. 1899ರಲ್ಲಿ ಡೇಟನ್ನಿನ ತಮ್ಮ ಸೈಕಲ್ ಅಂಗಡಿಯಲ್ಲಿ ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿ ಹಿಡಿದಿದ್ದಾಗ ವಿಲ್ಬರ್ ರೈಟ್ ಕಂಡದ್ದು ಇದನ್ನೇ: ಮೇಲ್ಮೈ, ಕೆಳಮೈಗಳು ಒಂದರ ಮೇಲೊಂದಿರುವ ಎರಡು ರೆಕ್ಕೆಗಳಾದರೆ, ಅವನ್ನು ತಿರುಚಿ ವಿಮಾನವನ್ನು ಬೇಕಾದತ್ತ ವಾಲಿಸಬಹುದು. ಕಾಗದದ ವಿಮಾನದ ಅಂಚನ್ನು ಬಾಗಿಸಿ ನೋಡಿದ ಮಗುವಿಗೆ ಇದು ಥಟ್ಟನೆ ಹೊಳೆಯುತ್ತದೆ. ಹೊಳೆಯದಿದ್ದರೆ ವಿವರಿಸುವ ಅವಸರ ಬೇಡ, ಡಬ್ಬಿ ಮೇಜಿನ ಮೇಲೆ ನಾಲ್ಕು ದಿನ ಇರಲಿ.

1903ರ ಡಿಸೆಂಬರ್ 17ರ ಮೊದಲ ಹಾರಾಟವನ್ನು ಬೀದಿಯಲ್ಲಿ ಅಳೆದು ತೋರಿಸಿ. ಅಂದು ಆರ್ವಿಲ್ ಹಾರಿದ್ದು 12 ಸೆಕೆಂಡು, ಸುಮಾರು 36 ಮೀಟರ್. ಎರಡು ತುದಿಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನೀವು ಹನ್ನೆರಡರವರೆಗೆ ಎಣಿಸುವಾಗ ಮಗು ಓಡಲಿ; ಹೆಚ್ಚಿನ ಮಕ್ಕಳು ವಿಮಾನಕ್ಕಿಂತ ಮೊದಲೇ ಗುರಿ ಮುಟ್ಟುತ್ತಾರೆ. ‘ಅಷ್ಟು ನಿಧಾನವಾದರೆ ಹಾರಿದ್ದು ಹೇಗೆ?’ ಎಂಬ ಪ್ರಶ್ನೆ ಮಗುವಿನಿಂದಲೇ ಬಂದಾಗ, ಅಂದು ಕಡಲತೀರದಲ್ಲಿ ಎದುರಿನಿಂದ ಬಿರುಸಾದ ಗಾಳಿ ಬೀಸುತ್ತಿತ್ತೆಂದೂ, ರೆಕ್ಕೆಗೆ ಲೆಕ್ಕವಾಗುವುದು ನೆಲದ ಮೇಲಿನ ವೇಗವಲ್ಲ, ಗಾಳಿಯೊಳಗಿನ ವೇಗವೆಂದೂ ಹೇಳಿ. ಗಾಳಿಪಟ ಹಾರಿಸಿ ಗೊತ್ತಿರುವ ಮಗುವಿಗೆ ಅಷ್ಟು ಸಾಕು.

ಅಲ್ಲಿಂದ ಬಾಹ್ಯಾಕಾಶಕ್ಕೆ ದಾಟಲು ಒಂದು ಒಳ್ಳೆಯ ಸೇತುವೆಯಿದೆ: 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನಿಗೆ ಹೋಗುವಾಗ ಅದೇ 1903ರ ವಿಮಾನದ ಬಟ್ಟೆಯ ತುಂಡನ್ನೂ ಮರದ ಚೂರನ್ನೂ ಜೊತೆಗೆ ಒಯ್ದಿದ್ದರು. ನಡುವೆ ಕಳೆದದ್ದು 66 ವರ್ಷ, ಅಂದರೆ ಒಬ್ಬ ಅಜ್ಜಿಯ ಆಯುಷ್ಯದಷ್ಟು.

ದೂರಗಳ ವಿಷಯದಲ್ಲಿ ಚಿತ್ರಪುಸ್ತಕಗಳನ್ನು ನಂಬಬೇಡಿ. ಫುಟ್‌ಬಾಲ್ ಭೂಮಿಯಾದರೆ ಟೆನಿಸ್ ಚೆಂಡು ಹೆಚ್ಚುಕಡಿಮೆ ಚಂದ್ರನ ಗಾತ್ರದ್ದಾಗುತ್ತದೆ. ಅದನ್ನು ಎಲ್ಲಿಡಬೇಕೆಂದು ಮಗುವನ್ನೇ ಕೇಳಿ. ನನ್ನ ಮಗಳು ಒಂದು ಗೇಣು ದೂರದಲ್ಲಿಟ್ಟು, ಅನುಮಾನ ಬಂದು, ಮತ್ತೊಂದು ಗೇಣು ಸರಿಸಿದಳು. ಸರಿಯಾದ ಜಾಗ ಆರೂವರೆ ಮೀಟರ್ ಆಚೆ, ಹಜಾರ ದಾಟಿ ಅಡುಗೆಮನೆಯಲ್ಲಿತ್ತು. ಗಗನಯಾತ್ರಿಗಳಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಾದರೋ ಇದೇ ಅಳತೆಯಲ್ಲಿ ಫುಟ್‌ಬಾಲಿನ ಮೈಯಿಂದ ಬರೀ 7 ಮಿಲಿಮೀಟರ್ ಮೇಲಿರುತ್ತದೆ. ಆದ್ದರಿಂದಲೇ ‘ಅಲ್ಲಿ ಗುರುತ್ವವಿಲ್ಲ, ಅದಕ್ಕೇ ತೇಲುತ್ತಾರೆ’ ಎಂಬ ಉತ್ತರ ತಪ್ಪು. ನೆಲದ ಮೇಲಿರುವ ಗುರುತ್ವದ ಸುಮಾರು ಶೇ 88ರಷ್ಟು ಅಲ್ಲಿಯೂ ಇದೆ. ನಿಲ್ದಾಣವೂ ಒಳಗಿನವರೂ ಭೂಮಿಯ ಸುತ್ತ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ಭಾರ ತಿಳಿಯುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯ ಬುಡದ ಬಳಿ ತೂತು ಮಾಡಿ, ನೀರು ತುಂಬಿ, ಮುಚ್ಚಳ ಹಾಕದೆ ಮೇಲಿನಿಂದ ಬಕೆಟ್ಟಿಗೆ ಬಿಡಿ. ಕೈಯಲ್ಲಿದ್ದಾಗ ಚಿಮ್ಮುತ್ತಿದ್ದ ನೀರು ಬೀಳುವಾಗ ನಿಂತುಬಿಡುತ್ತದೆ. ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರೆ ಚೆನ್ನಾಗಿ ಕಾಣುತ್ತದೆ.

ಆ ನಿಲ್ದಾಣ ಬರಿಗಣ್ಣಿಗೆ ಕಾಣುತ್ತದೆ. ನಿಮ್ಮ ಊರಿನ ಮೇಲೆ ಯಾವಾಗ ಹಾಯುತ್ತದೆಂಬುದನ್ನು ನಾಸಾದ ತಾಣದಲ್ಲಿ ನೋಡಿಕೊಂಡು, ಸೂರ್ಯ ಮುಳುಗಿದ ಮೇಲೆ ಅಥವಾ ಹುಟ್ಟುವ ಮುನ್ನ ತಾರಸಿಗೆ ಹೋಗಿ. ಮಿನುಗದೆ, ಸದ್ದಿಲ್ಲದೆ ಸರಿಯುವ ಬೆಳಕು ಅದು. ದೀಪ ಹೊತ್ತಿ ಆರುತ್ತಿದ್ದರೆ ವಿಮಾನ.

ನೋಡಲು ಕರೆದೊಯ್ಯುವ ಜಾಗಗಳು ದೂರವಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಇದೆ. ಟೂತ್‌ಪೇಸ್ಟ್ ಡಬ್ಬಿಯ ಆಟ ಆಡಿದ ಮಗು ಅದರ ಮುಂದೆ ಬೇರೆಯವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಎಚ್‌ಎಎಲ್‌ನ ವಸ್ತುಸಂಗ್ರಹಾಲಯ, ಬೆಂಗಳೂರಿನ ನೆಹರೂ ತಾರಾಲಯ, ಮಂಗಳೂರು ಬಳಿಯ ಪಿಲಿಕುಳದ ತಾರಾಲಯ ಸರಿಯೇ. ಮಲೆನಾಡಿನ ಕಡೆ ಹೋದರೆ, 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಳೆಯ ಬಾವಿಯೊಂದರಲ್ಲಿ ಹೈದರ್–ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕ ಕಥೆ ಹೇಳಿ. ಒಂದು ದಿನಕ್ಕೆ ಒಂದೇ ಜಾಗ ಸಾಕು.

ಆರು ತಿಂಗಳಿಗೆ ಈ ಹುಚ್ಚು ಇಳಿದು ಡೈನೋಸಾರ್ ಬರಬಹುದು. ಆಗ ಕಾಗದದ ವಿಮಾನಗಳ ಲೆಕ್ಕವಿರುವ ನೋಟ್‌ಬುಕ್ಕನ್ನು ರದ್ದಿಗೆ ಹಾಕದೆ ಎತ್ತಿಡಿ. ಅದರಲ್ಲಿ ಇನ್ನೂ ಖಾಲಿ ಹಾಳೆಗಳಿರುತ್ತವೆ.