ನಿರಾಶ್ರಿತರಿಗೆ ಅಡುಗೆ ಕಲಿಸಬೇಡಿ, ಲೆಕ್ಕ ಕಲಿಸಿ

ಟಿಬೆಟನ್ನರು ಬೈಲುಕುಪ್ಪೆಗೆ ಬಂದು 60 ವರ್ಷ ದಾಟಿದೆ. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗೂ ಕ್ಯಾಂಪ್‌ಗಳಾದವು. ಅಲ್ಲಿನ ಹುಡುಗ ಹುಡುಗಿಯರಿಗೆ ಹೋಟೆಲ್ ಉದ್ಯಮದ ತರಬೇತಿ ಕೊಡುತ್ತೇವೆ ಅಂತ ಹೊರಟವರು ಮೊದಲು ಏನು ಮಾಡುತ್ತಾರೆ ಗೊತ್ತಾ? ಬೆಂಗಳೂರಿನಿಂದ ಶೆಫ್ ಕರೆತಂದು ಅವರಿಗೇ ಮೋಮೊ ಮಾಡುವುದನ್ನು ಹೇಳಿಕೊಡಿಸುತ್ತಾರೆ!

ಹೀಗೆ ಮಾಡಿ.

1. ಜನರನ್ನು ಆರಿಸಿ. ಹತ್ತು ಜನ ಸಾಕು. ನಿಜವಾಗಿ ಅಂಗಡಿ ಇಡುವವರು ಮಾತ್ರ.

2. ಕಾಗದಪತ್ರ. ಆರ್‌ಸಿ, ಅಂದರೆ ಟಿಬೆಟನ್ನರಿಗೆ ಇಲ್ಲಿ ಇರಲು ಕೊಡುವ ನೋಂದಣಿ ಪತ್ರದ ಅವಧಿ ಮುಗಿದಿರಬಾರದು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ, ಆ 14 ಅಂಕಿಯ ನಂಬರನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಿ. ಪಂಚಾಯಿತಿ ಲೈಸೆನ್ಸ್ ಕೇಳಲು ಹೋಗುವಾಗ ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿಯ ಪ್ರತಿ ಜೊತೆಗಿರಲಿ. ವ್ಯಾಪಾರದ ಲೈಸೆನ್ಸ್ ಕೊಡಬಹುದು ಅಂತ ಅದರಲ್ಲೇ ಇದೆ. ಆದರೆ ಈ ನೀತಿ ಟಿಬೆಟನ್ನರಿಗೆ ಮಾತ್ರ, ಬೇರೆ ದೇಶದಿಂದ ಬಂದವರಿಗೂ ಇದೇ ಅನ್ವಯ ಅಂದುಕೊಳ್ಳಬೇಡಿ. ಪರಿಚಯದವರ ಹೆಸರಲ್ಲಿ ಲೈಸೆನ್ಸ್ ಮಾಡಿಸಿಕೊಡುವ ಏಜೆಂಟರನ್ನು ದೂರ ಇಡಿ. ಅಂಗಡಿ ಚೆನ್ನಾಗಿ ನಡೆದ ದಿನ ಆ ಪರಿಚಯದವರು ಇದು ನಮ್ಮದು ಅಂತ ಬಂದೇ ಬರುತ್ತಾರೆ.

3. ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ. ತರಬೇತಿಯ ಅರ್ಧ ಸಮಯ ಇದಕ್ಕೇ ಇಡಿ.

ಪಾಠದ ಬೋರ್ಡ್ ಬೇಡ, ಒಲೆ ಪಕ್ಕ ತಕ್ಕಡಿ ಇಡಿ. 1 ಕೆಜಿ ಮೈದಾಕ್ಕೆ ಅರ್ಧ ಲೀಟರ್ ನೀರು ಹಾಕಿ ಕಲಸಿದರೆ ಒಂದೂವರೆ ಕೆಜಿ ಹಿಟ್ಟು. ಒಂದಕ್ಕೆ 15 ಗ್ರಾಂ ಹಿಡಿದರೆ 100 ಮೋಮೊ, ಪ್ಲೇಟಿಗೆ 8ರಂತೆ 12 ಪ್ಲೇಟು, ಮಿಕ್ಕಿದ್ದು 4. ಇದು ಕಾಗದದ ಲೆಕ್ಕ. ಈಗ ಅವರ ಕೈಯಲ್ಲೇ ಮಾಡಿಸಿ ಎಣಿಸಿ. ಒಬ್ಬರು ದಪ್ಪ ಲಟ್ಟಿಸುತ್ತಾರೆ, ಹಬೆಯಲ್ಲಿ ನಾಲ್ಕೈದು ಒಡೆಯುತ್ತವೆ, ರುಚಿ ನೋಡುವ ನೆಪದಲ್ಲಿ ಗೆಳೆಯರು ಇನ್ನೆರಡು ಬಾಯಿಗೆ ಹಾಕಿಕೊಳ್ಳುತ್ತಾರೆ, ರಾತ್ರಿ ಒಂದಿಷ್ಟು ಉಳಿಯುತ್ತದೆ. ಖರ್ಚನ್ನು ಹಂಚಬೇಕಾದ್ದು ಮಾರಿದ ಪ್ಲೇಟುಗಳಿಗೆ, ಮಾಡಿದ ಪ್ಲೇಟುಗಳಿಗಲ್ಲ.

ಎಲೆಕೋಸನ್ನು ಕೊಂಡಾಗ ತೂಗಿದರೆ ಪ್ರಯೋಜನವಿಲ್ಲ. ಹೊರಗಿನ ಎಲೆ, ದಿಂಡು ತೆಗೆದು, ಹೆಚ್ಚಿ, ಉಪ್ಪು ಹಾಕಿ ನೀರು ಹಿಂಡಿದ ಮೇಲೆ ತೂಗಿ. ಕೊಟ್ಟ ದುಡ್ಡೆಲ್ಲ ಅಷ್ಟಕ್ಕೇ. ಗ್ಯಾಸ್ ಲೆಕ್ಕ ಸಿಗುವುದಿಲ್ಲ ಅನ್ನುತ್ತಾರೆ, ಸುಮ್ನೆ ಹೇಳೋದು. ಹೋಟೆಲ್ ಸಿಲಿಂಡರಿನಲ್ಲಿ 19 ಕೆಜಿ ಇರುತ್ತದೆ, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ ತೂಗಿದರೆ ಆಯಿತು. ಅಗ್ಗ ಅಂತ ಮನೆಯ 14.2 ಕೆಜಿ ಸಿಲಿಂಡರ್ ತರಬೇಡಿ, ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ. ಎರಡನೇ ಸಲ ಪುಕ್ಕಟೆ ಹಾಕುವ ಚಟ್ನಿಗೂ ಖರ್ಚಿದೆ, ಪಾರ್ಸೆಲ್ ಡಬ್ಬಿಗೂ ಇದೆ. (ತೆಳು ಪ್ಲಾಸ್ಟಿಕ್ ಡಬ್ಬಿ ಬೇಡವೇ ಬೇಡ. ಹಬೆಗೆ ಮೋಮೊ ಮುದ್ದೆಯಾಗುತ್ತದೆ. ಕ್ಯಾನ್‌ನಲ್ಲಿ ಬರುವ ಆ ಕೆಂಪು ಸಾಸಂತೂ ಬಣ್ಣದ ನೀರು.)

ಇನ್ನು ಯಾರೂ ಬರೆಯದ ಸಾಲು: ಹಿಂದೆ ಕೂತು ಮೋಮೊ ಮಡಿಸುವ ಅಮ್ಮನ ಕೂಲಿ. ಮನೆಯವರೇ ಅಲ್ವಾ ಅಂತ ಸೊನ್ನೆ ಬರೆದರೆ ಲಾಭ ಜಾಸ್ತಿ ಕಾಣುತ್ತದೆ. ಅಮ್ಮನಿಗೆ ಹುಷಾರಿಲ್ಲದೆ ವಾರ ಮಟ್ಟಿಗೆ ಆಳು ಹಿಡಿದಾಗ ಬಣ್ಣ ಬಯಲಾಗುತ್ತದೆ. ಪಕ್ಕದಂಗಡಿಯ ರೇಟಿಗಿಂತ ಹತ್ತು ರೂಪಾಯಿ ಕಮ್ಮಿ ಇಡುವುದೂ ಇಂಥದ್ದೇ ಹುಚ್ಚು. ಅವರ ಅಂಗಡಿ ಸ್ವಂತದ್ದಿರಬಹುದು, ನಿಮ್ಮದು ಬಾಡಿಗೆಯದ್ದು.

4. ಜಾಗ. ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ಹತ್ತಿರದ ಭಾನುವಾರದ ಗದ್ದಲ ನೋಡಿ ಬಾಡಿಗೆ ಒಪ್ಪಿಕೊಳ್ಳಬೇಡಿ. ಮಂಗಳವಾರ ಮಧ್ಯಾಹ್ನ ನಿಂತು ತಲೆ ಎಣಿಸಿ. ಅದಕ್ಕೂ ಮೊದಲು ಬೇರೆಯವರ ಅಡುಗೆಮನೆಯಲ್ಲಿ ಮಾಡಿ ಮಾರಿಸಿ ನೋಡಿ. ಪ್ಯಾರಿಸ್‌ನಲ್ಲಿ 2016ರಲ್ಲಿ ಶುರುವಾದ ರೆಫ್ಯೂಜಿ ಫುಡ್ ಫೆಸ್ಟಿವಲ್ ಇದೇ ದಾರಿ ಹಿಡಿಯಿತು, ರೆಸ್ಟೋರೆಂಟ್‌ಗಳು ನಿರಾಶ್ರಿತ ಬಾಣಸಿಗರಿಗೆ ತಮ್ಮ ಅಡುಗೆಮನೆ ಬಿಟ್ಟುಕೊಟ್ಟವು. ಕುಶಾಲನಗರದ ಹೋಟೆಲಿನವರನ್ನೂ ಕೇಳಬಹುದು. ವ್ಯಾಪಾರ ಕಮ್ಮಿ ಇರುವ ಒಂದು ಸಂಜೆ ಥುಕ್ಪಾ (ನೂಡಲ್ಸ್ ಸೂಪು), ಲಾಫಿಂಗ್‌ (ಖಾರದ ತಣ್ಣನೆ ನೂಡಲ್ಸ್) ಮಾಡಲು ಬಿಟ್ಟುಕೊಟ್ಟರೆ ಅವರಿಗೂ ನಷ್ಟವಿಲ್ಲ.

5. ದುಡ್ಡು. ಅಂಗಡಿ ಶುರು ಮಾಡಲು ಕೊಡುವ ನೆರವನ್ನು ಒಂದೇ ಸಲ ಕೈಗೆ ಕೊಡಬೇಡಿ. ಮೊದಲು ಪಾತ್ರೆ ಕೊಡಿಸಿ, ತಿಂಗಳ ಲೆಕ್ಕದ ಪುಸ್ತಕ ನೋಡಿ ಉಳಿದದ್ದು ಕೊಡಿ. ಸರ್ಟಿಫಿಕೇಟ್ ಹಂಚುವ ಸಮಾರಂಭ ಬೇಕೇ ಬೇಕು ಅಂದರೆ ಅಂಗಡಿ ಆರು ತಿಂಗಳು ನಡೆದ ಮೇಲೆ ಇಟ್ಟುಕೊಳ್ಳಿ, ಅದೂ ಶಾಮಿಯಾನ ಇಲ್ಲದೆ.