ಕಡಕ್ ರೊಟ್ಟಿ ಅನ್ನಿಸಿಕೊಂಡ ನನ್ನ ಸ್ಕೋನ್

ಮೊದಲ ಸಲ ಸ್ಕೋನ್ (ಮೈದಾ, ಬೆಣ್ಣೆ ಹಾಕಿ ಓವನ್‌ನಲ್ಲಿ ಬೇಯಿಸುವ, ಉಬ್ಬಿ ಮೆತ್ತಗಾಗಬೇಕಾದ ಇಂಗ್ಲಿಷರ ಚಹಾ ತಿಂಡಿ) ಮಾಡಿದಾಗ ಅತ್ತೆ ಒಂದನ್ನು ಮುರಿಯಲು ನೋಡಿ, "ಯವ್ವಾ, ಇದಕ್ಕಿಂತ ನಮ್ಮ ಕಡಕ್ ರೊಟ್ಟಿನ ಮೆತ್ತಗ ಐತಿ" ಅಂದಿದ್ದರು. ಹೋದ ಭಾನುವಾರ ಅದೇ ಅತ್ತೆ ಚಹಾದ ಜೊತೆ ಮೂರು ತಿಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಡುವೆ ಹದಿನೈದು ಬ್ಯಾಚಾದರೂ ಹಾಳಾಗಿರಬೇಕು. ದುಡ್ಡಿನ ಲೆಕ್ಕದಲ್ಲಿ ಸಾವಿರದೈನೂರು ರೂಪಾಯಿ ಹತ್ತಿರ, ಜಾಸ್ತಿ ಹೋಗಿದ್ದು ಬೆಣ್ಣೆಗೇ. ಮೊದಲು ಬೇಕಿಂಗ್ ಪೌಡರ್ ಮೇಲೆ ಅನುಮಾನ ಬಂತು. ಬಿಸಿನೀರಿಗೆ ಒಂದು ಚಮಚ ಹಾಕಿದೆ, ನೊರೆಯೇ ಬರಲಿಲ್ಲ. ಹೊಸ ಡಬ್ಬಿ ತಂದೆ. ಆದರೂ ಉಬ್ಬಲಿಲ್ಲ. ಇನ್ನೂ ಅರ್ಧ ಚಮಚ ಸೇರಿಸಿದೆ, ನಾಲಿಗೆ ಕಹಿಯಾಯಿತು ಅಷ್ಟೇ.

ತಪ್ಪು ವಿಜಯಪುರದ ಬಿಸಿಲಿನದು. ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆಯಲ್ಲಿ ಮೈದಾಕ್ಕೆ ಬೆಣ್ಣೆ ಉಜ್ಜುವಷ್ಟರಲ್ಲೇ ಕರಗಿ, ಹಿಟ್ಟು ಎಣ್ಣೆ ಹಾಕಿ ಕಲಸಿದ ಹಾಗಾಗುತ್ತಿತ್ತು. ಓವನ್ ಒಳಗೆ ಮೇಲೇಳುವ ಬದಲು ಅಗಲಕ್ಕೆ ಹರಡುತ್ತಿತ್ತು. ಮನೆಯಲ್ಲಿ ಕಡೆದ ಬೆಣ್ಣೆಯಂತೂ ಇನ್ನೂ ಮೋಸ, ಅದರಲ್ಲಿ ನೀರೇ ಜಾಸ್ತಿ.

ಈಗ ಬೆಣ್ಣೆಯನ್ನು ರಾತ್ರಿಯೇ ಫ್ರೀಜರ್‌ಗೆ ಇಡುತ್ತೇನೆ. ಮೈದಾ, ಪರಾತ, ತುರಿಮಣೆ, ಎಲ್ಲವೂ ಅಲ್ಲೇ. ಬೆಳಿಗ್ಗೆ ಐದಕ್ಕೆ ಎದ್ದು ಗಟ್ಟಿ ಬೆಣ್ಣೆಯನ್ನು ಸೀದಾ ಹಿಟ್ಟಿನ ಮೇಲೆ ತುರಿದು, ಕೈ ಹಚ್ಚದೆ ಫೋರ್ಕಿನಲ್ಲೇ ಬೆರೆಸುತ್ತೇನೆ. ಕಾಲು ಕೆಜಿ ಮೈದಾಕ್ಕೆ ಸುಮಾರು 80 ಗ್ರಾಂ. ತಣ್ಣನೆ ಮಜ್ಜಿಗೆ ಹಾಕಿ ಹಿಟ್ಟು ಕೂಡಿಕೊಂಡರೆ ಸಾಕು, ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕೆಟ್ಟಿತು. ಮಜ್ಜಿಗೆಗೆ ಇನ್ನೊಂದು ಸಾಮಾನು ಹಾಕುತ್ತೇನೆ, ಅದನ್ನು ಅತ್ತೆಗೂ ಹೇಳಿಲ್ಲ.

ಕತ್ತರಿಸಲು ಸ್ಟೀಲ್ ಲೋಟ ಬಳಸುತ್ತಿದ್ದೆ. ಅದರ ಅಂಚು ಮಡಚಿದ್ದು, ದಪ್ಪ. ಹಿಟ್ಟು ಬಿಡಲಿ ಅಂತ ಲೋಟ ತಿರುವಿದರೆ ಸ್ಕೋನಿನ ಪಕ್ಕ ಒತ್ತಿ ಮುಚ್ಚಿಕೊಂಡು, ಒಂದೇ ಕಡೆ ವಾಲಿ ಏಳುತ್ತಿತ್ತು. ಈಗ ಚಾಕುವಿನಲ್ಲಿ ಚೌಕಾಗಿ ಕೊಯ್ಯುತ್ತೇನೆ. ಚೂರು ಉಳಿಯುವುದಿಲ್ಲ, ಮತ್ತೆ ಲಟ್ಟಿಸುವ ಗೋಜೂ ಇಲ್ಲ. ಕೊಯ್ದ ಮೇಲೆ ಮತ್ತೆ 20 ನಿಮಿಷ ಫ್ರೀಜರ್.

ನಮ್ಮ ಓಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್ ಕೂಡ ಸುಳ್ಳು ಹೇಳುತ್ತಿತ್ತು. 220 ಡಿಗ್ರಿಗೆ ತಿರುಗಿಸಿದರೆ ಒಳಗೆ 190. ನಾಲ್ಕುನೂರು ಕೊಟ್ಟು ಥರ್ಮಾಮೀಟರ್ ತಂದ ಮೇಲೆ ಇದು ಗೊತ್ತಾಯಿತು. ಮೊದಲೇ ತಂದಿದ್ದರೆ ಎಷ್ಟು ಬೆಣ್ಣೆ ಉಳಿಯುತ್ತಿತ್ತು, ಅಲ್ವಾ?

ನಮ್ಮೂರಿನ ಒಣದ್ರಾಕ್ಷಿ ಸೇರಿಸಿದರೂ ಒಂದಕ್ಕೆ ಹನ್ನೆರಡು ರೂಪಾಯಿ ಬೀಳುತ್ತದೆ. ಪಕ್ಕದ ಮನೆಯವರು ಇಪ್ಪತ್ತೈದು ಕೊಟ್ಟು ಒಯ್ಯುತ್ತಾರೆ.

ಸುಮ್ನೆ ಇರಲಾರದೆ ಬಿಳಿಜೋಳದ ಹಿಟ್ಟನ್ನೂ ಹಾಕಿ ನೋಡಿದೆ. ಅರ್ಧಕ್ಕರ್ಧ ಹಾಕಿದ್ದು ಕೈಯಲ್ಲೇ ಪುಡಿಯಾಯಿತು. ಕಾಲು ಭಾಗ ಹಾಕಿದ್ದು ಚೆನ್ನಾಗಿ ಬಂತು. ಆಮೇಲೆ ಸಕ್ಕರೆ ಬಿಟ್ಟು ಶೇಂಗಾ ಚಟ್ನಿಪುಡಿ ಹಾಕಿದೆ. ಶೇಂಗಾ ಎಣ್ಣೆ ಬಿಡುತ್ತದೆ, ಬೆಣ್ಣೆ ಹತ್ತು ಗ್ರಾಂ ಕಡಿಮೆ ಮಾಡಬೇಕು. ನಮ್ಮ ಮನೆಯವರು ಅದನ್ನು ಮೊಸರಿನಲ್ಲಿ ಅದ್ದಿಕೊಂಡು ತಿನ್ನುತ್ತಾರೆ. ನಾನು ಆ ಕಡೆ ನೋಡುವುದಿಲ್ಲ.