ಗಂಡ-ಹೆಂಡತಿ ಇಬ್ರೂ ರೈಟರ್ಸ್ ಆಗಿದ್ರೆ ಅವರನ್ನ ಓದೋದು ಹೇಗೆ?

ಮೊದ್ಲು ಹೆಂಡತಿ ಬರೆದಿದ್ದನ್ನೇ ಓದಿ, ಗಂಡನ ಮುನ್ನುಡಿ ಇದ್ರೆ ಸ್ಕಿಪ್ ಮಾಡಿ, ಅದನ್ನ ಕೊನೆಗೆ ನೋಡಿದ್ರಾಯ್ತು. ಆಮೇಲೆ ಒಂದು ಹಾಳೇಲಿ ಇಬ್ಬರ ಪುಸ್ತಕಗಳ ಇಸವಿ ಅಕ್ಕಪಕ್ಕ ಬರ್ಕೊಳ್ಳಿ, ಅರ್ಧ ಜಗಳ ಅಲ್ಲೇ ಕಾಣುತ್ತೆ. ಅಮೆರಿಕದ ಲೇಖಕಿ ಜೆಲ್ಡಾ ಫಿಟ್ಜ್‌ಜೆರಾಲ್ಡ್ ಕಾದಂಬರಿ ಬಂದಿದ್ದು 1932ರಲ್ಲಿ, ಅದೇ ಸಂಸಾರದ ಸರಕು ಬಳಸ್ಕೊಂಡು ಗಂಡ ಸ್ಕಾಟ್ ಬರೆದಿದ್ದು 1934ರಲ್ಲಿ, ಆದ್ರೂ ನನ್ನ ವಸ್ತು ಅವಳು ತಗೊಂಡ್ಲು ಅಂತ ಸಿಟ್ಟಾಗಿದ್ದು ಅವನೇ ನೋಡಿ!

ಎಲ್ಲಕ್ಕಿಂತ ಮುಖ್ಯ, ಎಡಿಟ್ ಮಾಡಿದ್ದು ಯಾರು ಅಂತ ನೋಡೋದು. ಅಮೆರಿಕದ ಕವಯಿತ್ರಿ ಸಿಲ್ವಿಯಾ ಪ್ಲಾತ್ 1963ರಲ್ಲಿ ತೀರ್ಕೊಂಡಾಗ 'ಏರಿಯಲ್' ಕವನ ಸಂಕಲನದ ಹಸ್ತಪ್ರತೀನ ಜೋಡಿಸಿಟ್ಟು ಹೋಗಿದ್ರು, ಆದ್ರೆ 1965ರಲ್ಲಿ ಅದು ಪ್ರಿಂಟಾಗೋ ಹೊತ್ತಿಗೆ ಗಂಡ ಟೆಡ್ ಹ್ಯೂಸ್ ಕೆಲವು ಕವಿತೆ ತೆಗೆದು, ಬೇರೆ ಕೆಲವು ಸೇರಿಸಿ ಆರ್ಡರನ್ನೇ ಬದಲಾಯಿಸಿದ್ರು. ಆಕೆ ಜೋಡಿಸಿದ ಥರಾನೇ ಬಂದಿದ್ದು 2004ರಲ್ಲಿ. ಎರಡೂ ಸಿಕ್ರೆ ಕೊನೇ ಪುಟಗಳನ್ನ ಪಕ್ಕಪಕ್ಕ ಇಟ್ಕೊಳ್ಳಿ: ಆಕೆಯದ್ದು ಜೇನ್ನೊಣಗಳು ವಸಂತದ ರುಚಿ ನೋಡೋದ್ರಲ್ಲಿ ಮುಗಿಯುತ್ತೆ, 1965ರದ್ರಲ್ಲಿ ಕೊನೇ ಹತ್ರ ಸತ್ತ ಹೆಂಗಸಿನ ದೇಹ ಇದೆ. ಓದೋವ್ರಿಗೆ ಎರಡು ಬೇರೆ ಪುಸ್ತಕ ಓದಿದ ಹಾಗೇ.

ಹಾಗಂತ ಪ್ರತಿ ಗಂಡನ್ನೂ ವಿಲನ್ ಮಾಡ್ಬೇಡಿ (ಆ ಚಟ ಬೇಗ ಹತ್ತುತ್ತೆ). ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜೀನಿಯಾ ವೂಲ್ಫ್, ಗಂಡ ಲೆನಾರ್ಡ್ ಸೇರಿ 1917ರಲ್ಲಿ ಹೋಗಾರ್ತ್ ಪ್ರೆಸ್ ಅನ್ನೋ ಸ್ವಂತ ಪ್ರಕಾಶನ ಶುರು ಮಾಡಿದ್ರು, ಮುಂದೆ ಆಕೆ ಕಾದಂಬರಿಗಳಿಗೆ ಹೊರಗಿನ ಪಬ್ಲಿಷರ್ ಬಾಗಿಲು ತಟ್ಟೋದೇ ತಪ್ತು.